ಗರ್ಭಾಶಯದ ನಾರುಗಡ್ಡೆಗಳು: ಹುಟ್ಟು, ಬೆಳವಣಿಗೆ, ಪರಿಣಾಮ

ವೈದ್ಯರು ಫೈಬ್ರಾಯ್ಡ್ ಎಂದು ಕರೆಯುವ ನಾರುಗಡ್ಡೆಯು ಗರ್ಭಾಶಯದ ಭಿತ್ತಿಯಲ್ಲಿರುವ ಅನೈಚ್ಛಿಕ ಸ್ನಾಯುವಿನಲ್ಲಿ ಹುಟ್ಟುತ್ತದೆ. ಗಡ್ಡೆಯೆಂದೊಡನೆ ಕ್ಯಾನ್ಸರಿನ ಭೀತಿ ಮೂಡುವುದು ಸಹಜ. ಆದರೆ ಇದು ನೆರೆಯ ಅಂಗಗಳನ್ನು ಆಕ್ರಮಿಸುವುದಿಲ್ಲ. ದೂರದ ಅಂಗಗಳಿಗೆ ಹರಡುವುದೂ ಇಲ್ಲ. ಇದರ ಸ್ವಭಾವವನ್ನರಿಯಲು ಮೊದಲು ಇದರ ಹುಟ್ಟನ್ನು ಪರಿಶೀಲಿಸಬೇಕು.

ಸ್ತ್ರೀಯ ಜೀವಕೋಶಗಳಲ್ಲಿ ಎರಡು ಎಕ್ಸ್ ವರ್ಣತಂತುಗಳಿರುತ್ತವೆ. ಭ್ರೂಣಾವಸ್ಥೆಯಲ್ಲಿಯೇ ಪ್ರತಿಯೊಂದು ಕೋಶದಲ್ಲಿಯೂ ಇವೆರಡರಲ್ಲಿ ಯಾವುದಾದರೊಂದು ನಿಷ್ಕ್ರಿಯವಾಗುತ್ತದೆ. ಆ ಕೋಶದ ಸಂತತಿಯೆಲ್ಲವೂ ಅದೇ ಸ್ಥಿತಿಯನ್ನು ಉಳಿಸಿಕೊಳ್ಳುತ್ತದೆ. 1965ರಲ್ಲಿ ಲಿಂಡರ್ ಮತ್ತು ಗಾರ್ಟ್ಲರ್ ಎಂಬ ವಿಜ್ಞಾನಿಗಳು, ಈ ವರ್ಣತಂತುವಿಗೆ ಸೇರಿದ ಕಿಣ್ವವೊಂದರ ಎರಡು ರೂಪಗಳನ್ನು ಪಡೆದಿದ್ದ ಸ್ತ್ರೀಯರ ಗಡ್ಡೆಗಳನ್ನು ಪರೀಕ್ಷಿಸಿದರು. ಗರ್ಭಾಶಯದ ಸ್ನಾಯುವಿನಲ್ಲಿ ಎರಡು ರೂಪಗಳೂ ಇದ್ದವು. ಒಂದೊಂದು ಗಡ್ಡೆಯಲ್ಲಿ ಮಾತ್ರ ಒಂದೇ ರೂಪವಿದ್ದಿತು. ಎಂದರೆ, ಪ್ರತಿಯೊಂದು ಗಡ್ಡೆಯೂ ಒಂದೇ ಕೋಶದ ಸಂತತಿ. 2011ರಲ್ಲಿ ಹೆಲ್ಸಿಂಕಿಯ ಸಂಶೋಧಕರು, ತಾವು ಪರೀಕ್ಷಿಸಿದ ಗಡ್ಡೆಗಳ ಪೈಕಿ ಸುಮಾರು ಶೇಕಡ 70ರಲ್ಲಿ ಮೆಡ್-12 ಎಂಬ ಜೀನಿನ ಉತ್ಪರಿವರ್ತನೆಯನ್ನು ಕಂಡರು.

ಹೀಗೆ ಹುಟ್ಟಿದ ಗಡ್ಡೆಯನ್ನು ಪೋಷಿಸುವುವು ಅಂಡಾಶಯದ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳು. ಆದುದರಿಂದಲೇ ಋತುಬಂಧದ ತರುವಾಯ ಗಡ್ಡೆಯು ಸಾಮಾನ್ಯವಾಗಿ ಕುಗ್ಗುತ್ತದೆ. ಕೊಲಾಜೆನ್ ಮೊದಲಾದ ನಾರುದ್ರವ್ಯಗಳು ಹೇರಳವಾಗಿ ಶೇಖರವಾಗುವುದರಿಂದ ಅದಕ್ಕೆ ಗಡಸುತನ ಬರುತ್ತದೆ.

ಸ್ತ್ರೀಯ ಆರೋಗ್ಯದ ದೃಷ್ಟಿಯಿಂದ ಅನೇಕ ವೇಳೆ ಗಾತ್ರಕ್ಕಿಂತ ನೆಲೆಯೇ ಮುಖ್ಯ. ಗರ್ಭಾಶಯದ ಒಳಪೊರೆಯ ಕೆಳಗಿರುವ ಸಣ್ಣ ಗಡ್ಡೆಯೂ ವಿಪರೀತ ರಕ್ತಸ್ರಾವವನ್ನು ಉಂಟುಮಾಡಬಲ್ಲದು, ಗರ್ಭಧಾರಣೆಗೆ ಅಡ್ಡಿಯಾಗಬಲ್ಲದು. ಹೊರಮೈಯಲ್ಲಿ ಬೆಳೆದ ದೊಡ್ಡ ಗಡ್ಡೆಯು ಮೂತ್ರಕೋಶವನ್ನು ಒತ್ತಬಹುದು. ಯಾವ ಲಕ್ಷಣವನ್ನೂ ತೋರದೆಯೂ ಇರಬಹುದು. ಪ್ರತಿ ತಿಂಗಳೂ ಅಧಿಕವಾಗಿ ಹೋಗುವ ರಕ್ತದೊಡನೆ ದೇಹದ ಕಬ್ಬಿಣಾಂಶವೂ ನಷ್ಟವಾಗಿ ರಕ್ತಹೀನತೆ ಉಂಟಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವರ್ಷ ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ಶೇಕಡ 57 ಮಂದಿ ರಕ್ತಹೀನರು. ಇದಕ್ಕೆ ಕಾರಣಗಳು ಹಲವು; ಆದರೂ ಇಂತಹ ನಾಡಿನಲ್ಲಿ ಅತಿಸ್ರಾವವನ್ನು ಹೆಣ್ಣಿನ ಪಾಡೆಂದು ಸಹಿಸಿಕೊಂಡಿರುವುದು ಅಪಾಯಕರ.

ತೊಂದರೆ ಕೊಡದ ಗಡ್ಡೆಗೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ. ತೊಂದರೆ ಕೊಡುವುದಕ್ಕೆ ಔಷಧಗಳುಂಟು. ಗಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಕ್ರಿಯೆಯುಂಟು. ಅದಕ್ಕೆ ರಕ್ತವೊದಗಿಸುವ ನಾಳಗಳನ್ನು ಮುಚ್ಚುವ ವಿಧಾನವೂ ಉಂಟು. ಗರ್ಭಾಶಯವನ್ನೇ ತೆಗೆಯುವುದು ಈ ಮಾರ್ಗಗಳಲ್ಲಿ ಒಂದು ಮಾತ್ರ. ಒಂದು ಕೋಶದಿಂದ ಹುಟ್ಟಿ, ಹಾರ್ಮೋನಿನಿಂದ ಬೆಳೆದು, ಇದ್ದೆಡೆಯಲ್ಲಿಯೇ ಇರುವ ಈ ಗಡ್ಡೆಯ ಸ್ವಭಾವವನ್ನರಿತ ಸ್ತ್ರೀಯು, ಭಯಕ್ಕೊಳಗಾಗದೆ ವೈದ್ಯರೊಡನೆ ವಿಚಾರಮಾಡಿ ತನ್ನ ಮಾರ್ಗವನ್ನು ಆರಿಸಿಕೊಳ್ಳಬಲ್ಲಳು.