ಇರುಳನ್ನಳೆಯುವ ಕಣ್ಣು

ಮುಂಬಯಿ, ಪುಣೆ, ಹೈದರಾಬಾದು ಮೊದಲಾದ ನಗರಗಳಲ್ಲಿ ರಾತ್ರಿ ಹೋಟೆಲಿನ ಬಾಗಿಲು ಮುಚ್ಚಿ ಬೀದಿಗಿಳಿಯುವ ನಮ್ಮವರಿಗೆ ಆಕಾಶದಲ್ಲಿ ಕಾಣುವ ನಕ್ಷತ್ರಗಳು ಎಷ್ಟು? ಬೆರಳೆಣಿಕೆಯಷ್ಟು ಮಾತ್ರ. ಊರಿನ ಅಂಗಳದಲ್ಲಿ ಚಾಪೆ ಹಾಸಿ ಮಲಗಿ ಸಪ್ತರ್ಷಿಗಳನ್ನೂ ಕೃತ್ತಿಕೆಯ ಗೊಂಚಲನ್ನೂ ಗುರುತಿಸುತ್ತಿದ್ದವರ ಮಕ್ಕಳು ಇಲ್ಲಿ ಆಕಾಶಗಂಗೆಯನ್ನು ಪಾಠಪುಸ್ತಕದ ಚಿತ್ರದಲ್ಲಿ ಮಾತ್ರ ಬಲ್ಲರು. ನಕ್ಷತ್ರಗಳೇನೋ ಇದ್ದಲ್ಲಿಯೇ ಇವೆ. ನಾವು ಹಚ್ಚಿದ ದೀಪಗಳ ಬೆಳಕು ಮೇಲಕ್ಕೆ ಚೆಲ್ಲಿ, ಗಾಳಿಗೂ ಅದರಲ್ಲಿರುವ ಧೂಳಿನ ಕಣಗಳಿಗೂ ತಾಗಿ ಚದರಿ, ನಮಗೂ ಅವಕ್ಕೂ ನಡುವೆ ಒಂದು ಮಬ್ಬು ತೆರೆಯನ್ನು ಎಳೆದಿದೆ. ವಿಜ್ಞಾನಿಗಳು ಇದನ್ನು ಬೆಳಕಿನ ಮಾಲಿನ್ಯವೆಂದು ಕರೆಯುತ್ತಾರೆ.

ಕಳೆದುಹೋದುದು ಎಷ್ಟೆಂದು ತಿಳಿಯದೆ ಅದನ್ನು ಮರಳಿ ಪಡೆಯುವ ಯತ್ನ ಸಾಗದು. ಆದುದರಿಂದಲೇ ಇರುಳಿನ ಆಕಾಶವನ್ನು ಅಳೆಯುವ ಸಾಧನವೊಂದರ ವಿಷಯವನ್ನು ವಾಚಕರ ಮುಂದಿಡಲು ನಾವು ಬಯಸುತ್ತೇವೆ.

ಉಪಕರಣದ ಸ್ವರೂಪ

ಇದರ ಹೆಸರು ಸರ್ವಾಕಾಶ ಕ್ಯಾಮರಾ. ಮೀನಿನ ಕಣ್ಣಿನಂತೆ ಉಬ್ಬಿದ ಮಸೂರವೊಂದನ್ನು ಮುಗಿಲಿಗೆ ಮುಖಮಾಡಿ ನಿಲ್ಲಿಸಿದರೆ, ದಿಗಂತದಿಂದ ದಿಗಂತದವರೆಗಿನ ಇಡೀ ಆಕಾಶವು ಒಂದೇ ವರ್ತುಲಾಕಾರದ ಚಿತ್ರದಲ್ಲಿ ಸೆರೆಯಾಗುತ್ತದೆ. ಚಿತ್ರದ ನಡುವೆ ನಡುನೆತ್ತಿಯ ಆಕಾಶ, ಅಂಚಿನಲ್ಲಿ ದಿಗಂತ. 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಧ್ರುವಪ್ರಭೆಯನ್ನು ಕಾಯಲು ಇಂತಹ ಅನೇಕ ಕ್ಯಾಮರಾಗಳನ್ನು ಬಳಸಲಾಗಿದ್ದಿತು.

ಚಿತ್ರದಿಂದ ಅಳತೆ ದೊರೆಯುವುದು ಹೇಗೆ? ಅಂಗಡಿಯಲ್ಲಿ ತಕ್ಕಡಿಯನ್ನು ಪರೀಕ್ಷಿಸುವುದು ತಿಳಿದ ತೂಕದ ಕಲ್ಲಿನಿಂದಲ್ಲವೇ? ಇಲ್ಲಿ ನಕ್ಷತ್ರಗಳೇ ತೂಕದ ಕಲ್ಲುಗಳು. ಅವುಗಳ ಕಾಂತಿ ಎಷ್ಟೆಂಬುದು ಖಗೋಳಜ್ಞರಿಗೆ ಮೊದಲೇ ಗೊತ್ತು. ಚಿತ್ರದಲ್ಲಿ ಅವು ಮೂಡಿಸಿದ ಗುರುತಿನೊಡನೆ ಸುತ್ತಲಿನ ಆಕಾಶವನ್ನು ಹೋಲಿಸಿ ಅದರ ಹೊಳಪನ್ನು ಲೆಕ್ಕಹಾಕುತ್ತಾರೆ. ಈ ಮಾನದಲ್ಲಿ ಅಂಕಿ ಹೆಚ್ಚಿದಷ್ಟೂ ಕತ್ತಲೆ ಹೆಚ್ಚು. ಚಂದ್ರನಿಲ್ಲದ ನಿರ್ಮಲವಾದ ಕಾಡುಗತ್ತಲೆಯ ಆಕಾಶಕ್ಕೆ ಸುಮಾರು 22. ಮಹಾನಗರದ ನಡುವೆ ಅದು 17ರ ಆಸುಪಾಸಿಗೆ ಇಳಿಯುವುದುಂಟು. ಅಂತರವು ಐದೇ ಎಂದು ಅಲ್ಪವಾಗಿ ಎಣಿಸಬಾರದು; ಈ ಲೆಕ್ಕದಲ್ಲಿ ಐದರ ವ್ಯತ್ಯಾಸವೆಂದರೆ ನೂರು ಪಟ್ಟು ಹೊಳಪು.

ನಡುನೆತ್ತಿಯೊಂದನ್ನೇ ಅಳೆಯುವ ಸಣ್ಣ ಸಾಧನಗಳೂ ಉಂಟು. ಆದರೆ ಬೆಳಕು ಯಾವ ದಿಕ್ಕಿನಿಂದ ಬಂದಿತೆಂದು ಅವು ಹೇಳಲಾರವು. ಸರ್ವಾಕಾಶ ಕ್ಯಾಮರಾದ ಚಿತ್ರದಲ್ಲಿಯಾದರೋ ದೂರದ ಪಟ್ಟಣವೂ ದಿಗಂತದಲ್ಲಿ ಮಸುಕಾದ ಗುಮ್ಮಟದಂತೆ ಮೇಲೆದ್ದು ತನ್ನನ್ನು ತಾನೇ ತೋರಿಸಿಕೊಡುತ್ತದೆ. ಪ್ರತಿರಾತ್ರಿಯ ಚಿತ್ರಗಳನ್ನು ಕಿರ್ದಿಪುಸ್ತಕದಂತೆ ಕೂಡಿಡುತ್ತ ಹೋದರೆ, ವರ್ಷದಿಂದ ವರ್ಷಕ್ಕೆ ಕತ್ತಲೆಯ ಜಮೆ ಎಷ್ಟು, ಖರ್ಚು ಎಷ್ಟು ಎಂಬುದು ಸ್ಪಷ್ಟವಾಗುತ್ತದೆ.

ಹಾನ್ಲೆಯ ಉದಾಹರಣೆ

ಇದರ ಪ್ರಯೋಜನವನ್ನು ನಮ್ಮ ದೇಶದಲ್ಲಿ ಕಾಣಬೇಕಾದರೆ ಲಡಾಖಿನ ಹಾನ್ಲೆಯತ್ತ ನೋಡಬೇಕು. ಸಮುದ್ರಮಟ್ಟದಿಂದ ಸುಮಾರು 4,500 ಮೀಟರು ಎತ್ತರದಲ್ಲಿರುವ ಅಲ್ಲಿನ ವೀಕ್ಷಣಾಲಯವನ್ನು ನಡೆಸುತ್ತಿರುವುದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಅಲ್ಲಿನ ಎರಡು ಮೀಟರು ವ್ಯಾಸದ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತೇ ಉಪಗ್ರಹದ ಮೂಲಕ ನಡೆಸುತ್ತಾರೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಹಾನ್ಲೆಯ ಆಸ್ತಿಯೆಂದರೆ ಅದರ ಕತ್ತಲೆ. 2024ರ ಮೇ 10-11ರ ರಾತ್ರಿ ಪ್ರಬಲವಾದ ಸೌರ ಬಿರುಗಾಳಿಯ ಫಲವಾಗಿ ಅಲ್ಲಿನ ಆಕಾಶದಲ್ಲಿ ಅಪರೂಪದ ಕೆಂಪು ಪ್ರಭೆ ಮೂಡಿದಾಗ, ಸರ್ವಾಕಾಶ ಕ್ಯಾಮರಾ ಅದನ್ನು ದಾಖಲಿಸಿತು. ಅಂತಹ ಮೆಲುಬೆಳಕು ನಗರದ ಆಕಾಶದಲ್ಲಿ ಮುಳುಗಿಹೋಗುತ್ತಿದ್ದಿತೆಂಬುದರಲ್ಲಿ ಸಂದೇಹವಿಲ್ಲ. ಈ ಆಸ್ತಿಯ ರಕ್ಷಣೆಗಾಗಿ 2022ರ ಡಿಸೆಂಬರಿನಲ್ಲಿ ಸುತ್ತಲಿನ ಸುಮಾರು 1,073 ಚದರ ಕಿಲೋಮೀಟರು ಪ್ರದೇಶವನ್ನು ಕತ್ತಲೆಯ ಆಕಾಶದ ಮೀಸಲು ತಾಣವೆಂದು ಘೋಷಿಸಲಾಯಿತು. ದೀಪಗಳಿಗೆ ಮರೆ, ಕಿಟಕಿಗಳಿಗೆ ದಪ್ಪ ಪರದೆ, ವಾಹನಗಳ ಪ್ರಖರ ದೀಪಗಳಿಗೆ ಕಡಿವಾಣ ಇವು ಅಲ್ಲಿನ ಕ್ರಮಗಳು. ಅಷ್ಟೇ ಅಲ್ಲ, ಹಳ್ಳಿಗರಿಗೇ ತರಬೇತಿಯಿತ್ತು, ದೂರದರ್ಶಕಗಳನ್ನು ಕೊಟ್ಟು, ಬಂದ ಪ್ರವಾಸಿಗಳಿಗೆ ಆಕಾಶ ತೋರಿಸುವ ಕೆಲಸವನ್ನು ವಹಿಸಲಾಗಿದೆ. ಕತ್ತಲೆಯನ್ನು ಕಾಪಾಡಿದವರಿಗೆ ಅದರಿಂದಲೇ ಜೀವನೋಪಾಯವೂ ಒದಗಿದೆ.

ನಮ್ಮ ಪಾಲಿನ ಕರ್ತವ್ಯ

ಹಾನ್ಲೆ ದೂರ, ನಮಗೇನು ಎಂದು ಕೇಳುವವರಿರಬಹುದು. ಯುರೋಪು ಹಾಗೂ ಉತ್ತರ ಅಮೆರಿಕದಿಂದಲೇ ಬಹುಪಾಲು ಬಂದ, ಸಾಮಾನ್ಯ ಜನರ 50 ಸಾವಿರಕ್ಕೂ ಮಿಕ್ಕಿದ ನಕ್ಷತ್ರ ವೀಕ್ಷಣೆಗಳನ್ನು ಪರಿಶೀಲಿಸಿದ ವಿಜ್ಞಾನಿಗಳು, 2011ರಿಂದ 2022ರವರೆಗೆ ಆಕಾಶದ ಹೊಳಪು ವರ್ಷಕ್ಕೆ ಸರಾಸರಿ ಶೇಕಡ 9.6ರಷ್ಟು ಏರಿತೆಂದು 2023ರಲ್ಲಿ ಪ್ರಕಟಿಸಿದರು. ಈ ವೇಗದಲ್ಲಿ ಎಂಟು ವರ್ಷ ತುಂಬುವ ಮೊದಲೇ ಹೊಳಪು ಇಮ್ಮಡಿಯಾಗುತ್ತದೆ. ಇಂದು ಊರಿನಲ್ಲಿ ಉಳಿದಿರುವ ಆಕಾಶವೂ ನಾಳೆಗೆ ಉಳಿದೀತೆಂಬ ಭರವಸೆಯಿಲ್ಲ.

ದೀಪವೇ ಬೇಡವೆಂದು ನಾವು ಹೇಳುತ್ತಿಲ್ಲ. ದುಡಿದು ತಡವಾಗಿ ಕೋಣೆಗೆ ಮರಳುವವನಿಗೆ ಬೀದಿದೀಪ ಬೇಕೇ ಬೇಕು. ಆದರೆ ಆ ಬೆಳಕು ದಾರಿಯ ಮೇಲೆ ಬಿದ್ದರೆ ಸಾಕು. ಮುಗಿಲಿಗೆ ಚೆಲ್ಲಿದ ಬೆಳಕಿಗೂ ವಿದ್ಯುತ್ತಿನ ಬಿಲ್ಲು ಬರುತ್ತದೆಂಬುದನ್ನು ಹೋಟೆಲಿನ ಮಾಲಿಕರು ಮರೆಯಬಾರದು. ವ್ಯಾಪಾರ ಮುಗಿದ ಬಳಿಕ ಹೆಸರಿನ ಫಲಕದ ದೀಪ ಆರಿಸುವುದು, ಹೊರಗಿನ ದೀಪಗಳಿಗೆ ಮೇಲ್ಮುಚ್ಚಳ ಹಾಕಿಸುವುದು, ಕಣ್ಣುಕುಕ್ಕುವ ಬಿಳಿಯ ಬದಲು ಹಳದಿ ಛಾಯೆಯ ದೀಪ ಬಳಸುವುದು ಕಷ್ಟದ ಕೆಲಸಗಳೇನಲ್ಲ. ಹೌಸಿಂಗ್ ಸೊಸೈಟಿಯ ಸಭೆಗಳಲ್ಲಿ ಗುಮಾಸ್ತ ಬಂಧುಗಳೂ ಈ ಮಾತನ್ನೆತ್ತಬಹುದು.

ಕೆಟ್ಟ ನದಿಯನ್ನು ಶುದ್ಧಗೊಳಿಸಲು ದಶಕಗಳು ಬೇಕು. ಬೆಳಕಿನ ಮಾಲಿನ್ಯವಾದರೋ ದೀಪಕ್ಕೆ ಮರೆ ಕಟ್ಟಿದ ಕ್ಷಣದಿಂದಲೇ ತಗ್ಗುತ್ತದೆ. ಅಂದಿನ ರಾತ್ರಿಯ ಚಿತ್ರದಲ್ಲಿಯೇ ಕ್ಯಾಮರಾ ಅದಕ್ಕೆ ಸಾಕ್ಷಿ ನುಡಿಯಬಲ್ಲದು. ಇಷ್ಟು ಸುಲಭವಾಗಿ ತೀರಿಸಬಹುದಾದ ಸಾಲವನ್ನು ಮಕ್ಕಳ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ.