ನಿಮಗಿದು ಗೊತ್ತೇ? ಡಿಲೀಟ್ ಮಾಡಿದ್ದೆಲ್ಲ ಅಳಿಸಿಹೋಗುವುದಿಲ್ಲ!

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಒಗ್ಗದ ಹಳೆಯ ಲ್ಯಾಪ್‌ಟಾಪ್ ನಿಮ್ಮಲ್ಲೂ ಇರಬಹುದು. ನೀವು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಟೆಕಿಯಾಗಿರಲಿ, ಪೀಣ್ಯದಲ್ಲಿ ಸಣ್ಣ ಕಾರ್ಖಾನೆ ನಡೆಸುವವರಾಗಿರಲಿ, ಅದನ್ನು ಮಾರಲು ಚೌಕಾಸಿಗೆ ಕೂರುವ ಮೊದಲು ಇಷ್ಟು ತಿಳಿದಿರಲಿ.

● ಫೈಲ್ ಡಿಲೀಟ್ ಮಾಡಿ, ರೀಸೈಕಲ್ ಬಿನ್ ಖಾಲಿ ಮಾಡಿದರೂ ಹಾರ್ಡ್ ಡಿಸ್ಕ್‌ನಿಂದ ಅದು ಹೋಗುವುದಿಲ್ಲ. ಫೈಲ್ ಎಲ್ಲಿದೆ ಎಂಬ ದಾಖಲೆ ಮಾತ್ರ ಹೋಗುತ್ತದೆ. ಪಹಣಿಯಲ್ಲಿ ಹೆಸರು ಹೊಡೆದುಹಾಕಿದರೆ ಹೊಲದಲ್ಲಿರುವ ಬೆಳೆ ಮಾಯವಾಗುತ್ತದೆಯೇ? ಆ ಜಾಗದ ಮೇಲೆ ಬೇರೆ ಏನಾದರೂ ಬರೆಯುವ ತನಕ ಹಳೆಯದು ಅಲ್ಲೇ ಇರುತ್ತದೆ.

● ಎಂಐಟಿಯ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ 158 ಸೆಕೆಂಡ್ ಹ್ಯಾಂಡ್ ಹಾರ್ಡ್ ಡಿಸ್ಕ್‌ಗಳನ್ನು ಕೊಂಡು ಪರೀಕ್ಷಿಸಿ, 2003ರಲ್ಲಿ ವರದಿ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129 ಡಿಸ್ಕ್‌ಗಳ ಪೈಕಿ 49ರಲ್ಲಿ ಹಳೆಯ ಮಾಲೀಕರ ಮಹತ್ವದ ಖಾಸಗಿ ಮಾಹಿತಿ ಸಿಕ್ಕಿತು. ಸಾವಿರಾರು ಕ್ರೆಡಿಟ್ ಕಾರ್ಡ್ ಸಂಖ್ಯೆಗಳೂ ಅದರಲ್ಲಿದ್ದವು.

● ಸುಟ್ಟರೆ, ಒಡೆದರೆ ಸಾಕು ಎನ್ನುವಂತಿಲ್ಲ. ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ 2003ರ ಫೆಬ್ರುವರಿ 1ರಂದು ಆಕಾಶದಲ್ಲೇ ಛಿದ್ರವಾಯಿತು. ಅಷ್ಟು ಎತ್ತರದಿಂದ ಬಿದ್ದು, ಸುಟ್ಟು ಕರಕಲಾಗಿದ್ದ ಅದರ ಒಂದು ಹಾರ್ಡ್ ಡಿಸ್ಕ್‌ನಿಂದ ತಜ್ಞರು ಶೇ 99ರಷ್ಟು ದತ್ತಾಂಶವನ್ನು ಹೊರತೆಗೆದರು.

● ಕ್ವಿಕ್ ಫಾರ್ಮ್ಯಾಟ್ ಕೂಡ ಹೆಚ್ಚುಕಡಿಮೆ ಡಿಲೀಟ್ ಇದ್ದಂತೆಯೇ. ವಿಂಡೋಸ್ ವಿಸ್ತಾದಿಂದ ಈಚೆಗೆ, ‘ಕ್ವಿಕ್’ ಎಂಬ ಟಿಕ್ ತೆಗೆದು ಪೂರ್ಣ ಫಾರ್ಮ್ಯಾಟ್ ಮಾಡಿದರೆ ಇಡೀ ಡಿಸ್ಕ್ ಮೇಲೆ ಸೊನ್ನೆಗಳು ಬರೆಯಲ್ಪಡುತ್ತವೆ. 1 ಟಿಬಿ ಹಾರ್ಡ್ ಡಿಸ್ಕ್‌ಗೆ ಇದು ಎರಡು ಮೂರು ಗಂಟೆಯ ಕೆಲಸ.

● ಮೂವತ್ತೈದು ಸಲ ಅಳಿಸಬೇಕು ಎಂಬ ಮಾತು ಪೀಟರ್ ಗುಟ್‌ಮನ್ 1996ರಲ್ಲಿ ಬರೆದ ಪ್ರಬಂಧದಿಂದ ಬಂದದ್ದು. ಅದು ಆ ಕಾಲದ ಡಿಸ್ಕ್‌ಗಳ ಲೆಕ್ಕ. ಇಂದಿನ ಹಾರ್ಡ್ ಡಿಸ್ಕ್ ಮೇಲೆ ಒಂದೇ ಸಲ ಪೂರ್ತಿ ಬರೆದರೂ ಸಾಮಾನ್ಯ ಬಳಕೆದಾರರಿಗೆ ಸಾಕು.

● ಎಸ್‌ಎಸ್‌ಡಿ ಇದ್ದರೆ ದಾರಿಯೇ ಬೇರೆ. ಅದರ ಚಿಪ್‌ಗಳು ಬೇಗ ಸವೆಯಬಾರದೆಂದು ಒಳಗಿನ ನಿಯಂತ್ರಕ ಪ್ರತಿ ಬರಹವನ್ನೂ ಹೊಸ ಜಾಗಕ್ಕೆ ಕಳಿಸುತ್ತದೆ. ಹಳೆಯ ಫೈಲ್ ಮೇಲೆಯೇ ಬರೆದೆವು ಎಂದು ನಾವು ತಿಳಿದರೂ ಅದು ಬೇರೊಂದು ಮೂಲೆಯಲ್ಲಿ ಉಳಿದಿರಬಹುದು. ಬಯೋಸ್‌ನಲ್ಲಿ ಅಥವಾ ತಯಾರಕರ ಉಚಿತ ತಂತ್ರಾಂಶದಲ್ಲಿ ಸಿಗುವ ‘ಸೆಕ್ಯೂರ್ ಎರೇಸ್’ ಆಜ್ಞೆಯೇ ಇದಕ್ಕೆ ಸರಿಯಾದ ದಾರಿ. ಅಯಸ್ಕಾಂತ ತಂದು ಉಜ್ಜಿದರೆ ಎಸ್‌ಎಸ್‌ಡಿಗೆ ಏನೂ ಆಗುವುದಿಲ್ಲ.

● ಲ್ಯಾಪ್‌ಟಾಪ್ ಕೊಂಡ ದಿನವೇ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಚಾಲೂ ಮಾಡಿದವರಿಗೆ ಮಾರುವ ದಿನ ಕೆಲಸ ಹಗುರ. ಡಿಸ್ಕ್‌ನಲ್ಲಿರುವುದೆಲ್ಲ ಗೂಢಲಿಪಿಯಾಗಿರುತ್ತದೆ. ಅದನ್ನು ಬಿಡಿಸುವ ಕೀಲಿ ನಾಶವಾದರೆ ಉಳಿದದ್ದು ಯಾರಿಗೂ ಅರ್ಥವಾಗದ ಅಕ್ಷರರಾಶಿ.

● ವಿಂಡೋಸ್ 11ರಲ್ಲಿ ಕ್ರಮ ಹೀಗೆ: ಬ್ಯಾಕಪ್ ತೆಗೆದುಕೊಳ್ಳಿ, ಚಾರ್ಜರ್ ಸಿಕ್ಕಿಸಿ. ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿ, ‘ರೀಸೆಟ್ ಪಿಸಿ’, ‘ರಿಮೂವ್ ಎವೆರಿಥಿಂಗ್’ ತನಕ ಹೋಗಿ. ಬಹಳ ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಅಲ್ಲಿ ಸಣ್ಣದಾಗಿ ಕಾಣುವ ‘ಚೇಂಜ್ ಸೆಟ್ಟಿಂಗ್ಸ್’ ಒತ್ತಿ, ‘ಕ್ಲೀನ್ ಡೇಟಾ’ ಆಯ್ಕೆಯನ್ನು ನೀವೇ ಆನ್ ಮಾಡಬೇಕು. ಅದು ತಾನಾಗಿ ಆನ್ ಆಗಿರುವುದಿಲ್ಲ.

● ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎರಡು ಡಿಸ್ಕ್ ಇರುತ್ತವೆ: ವಿಂಡೋಸ್ ಇರುವ ಚಿಕ್ಕ ಎಸ್‌ಎಸ್‌ಡಿ ಒಂದು, ಫೋಟೊ, ವಿಡಿಯೊ ತುಂಬಿದ ಹಾರ್ಡ್ ಡಿಸ್ಕ್ ಇನ್ನೊಂದು. ರೀಸೆಟ್ ಮಾಡುವಾಗ ಎಲ್ಲ ಡ್ರೈವ್‌ಗಳನ್ನೂ ಆರಿಸದಿದ್ದರೆ ಎರಡನೆಯದು ಇದ್ದ ಹಾಗೇ ಕೊಂಡವರ ಮನೆ ಸೇರುತ್ತದೆ.

● ಆ್ಯಪಲ್ ಸಿಲಿಕಾನ್ ಅಥವಾ ಟಿ2 ಚಿಪ್ ಇರುವ ಮ್ಯಾಕ್‌ಗಳಲ್ಲಿ, 2021ರ ಮಾಂಟೆರೆ ಆವೃತ್ತಿಯಿಂದ ಈಚೆಗೆ, ‘ಎರೇಸ್ ಆಲ್ ಕಂಟೆಂಟ್ ಆ್ಯಂಡ್ ಸೆಟ್ಟಿಂಗ್ಸ್’ ಒಂದೇ ಸಾಕು. ‘ಫೈಂಡ್ ಮೈ’ ಆಫ್ ಆಗಿದೆಯೇ ಎಂದು ಮಾತ್ರ ಖಚಿತಪಡಿಸಿಕೊಳ್ಳಿ. ಇಲ್ಲದಿದ್ದರೆ ಕೊಂಡವರಿಗೆ ಯಂತ್ರ ತೆರೆಯುವುದೇ ಇಲ್ಲ.

● ಅಳಿಸಿದ ಮೇಲೆ ಪರೀಕ್ಷೆಯನ್ನೂ ಮಾಡಿ. ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಡಿಸ್ಕ್‌ನ ಮೂಲೆಮೂಲೆ ಹುಡುಕಿ, ಸಿಕ್ಕ ಫೈಲ್‌ಗಳಿಗೆ ಅಂಕಿಗಳ ಹೊಸ ಹೆಸರಿಟ್ಟು ಸಾಲಾಗಿ ಜೋಡಿಸುತ್ತದೆ. ಆ ಪಟ್ಟಿಯಲ್ಲಿ ನಿಮ್ಮ ಮನೆಯ ಫೋಟೊ ಒಂದಾದರೂ ಕಂಡರೆ ಕೆಲಸ ಇನ್ನೂ ಮುಗಿದಿಲ್ಲ.

● ಕಂಪನಿ ಕೊಟ್ಟ ಲ್ಯಾಪ್‌ಟಾಪನ್ನು ಕೆಲಸ ಬಿಡುವಾಗ ನೀವಾಗಿಯೇ ಫಾರ್ಮ್ಯಾಟ್ ಮಾಡಬೇಡಿ. ಅದರಲ್ಲಿರುವ ಕಚೇರಿಯ ದತ್ತಾಂಶ ಕಂಪನಿಯದು. ಆಧಾರ್ ಸ್ಕ್ಯಾನ್, ಫಾರ್ಮ್ 16, ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ನಂಥ ಸ್ವಂತದ್ದನ್ನು ತೆಗೆದು, ಎಲ್ಲ ಖಾತೆಗಳಿಂದ ಸೈನ್ ಔಟ್ ಆಗಿ. ಯಂತ್ರವನ್ನು ಪೂರ್ತಿ ಅಳಿಸಿಯೇ ಬೇರೆಯವರಿಗೆ ಕೊಡಿ ಎಂದು ಐಟಿ ವಿಭಾಗಕ್ಕೆ ಮೇಲ್ ಹಾಕಿ.

● ಪೀಣ್ಯದ ವರ್ಕ್‌ಶಾಪ್‌ನ ಹಳೆಯ ಕಂಪ್ಯೂಟರ್‌ನಲ್ಲಿ ಟ್ಯಾಲಿ ಲೆಕ್ಕ, ಜಿಎಸ್‌ಟಿ ಲಾಗಿನ್, ಕಾರ್ಮಿಕರ ಬ್ಯಾಂಕ್ ಖಾತೆ ಸಂಖ್ಯೆ, ಗ್ರಾಹಕರು ನಂಬಿ ಕೊಟ್ಟ ಬಿಡಿಭಾಗಗಳ ಡ್ರಾಯಿಂಗ್ ಎಲ್ಲವೂ ಇರಬಹುದು. ಅದನ್ನು ವಿಲೇವಾರಿ ಮಾಡುವ ಮೊದಲು ಡಿಸ್ಕ್ ಬಿಚ್ಚಿಟ್ಟುಕೊಳ್ಳಿ. ಡಿಜಿಟಲ್ ಸಹಿಯ ಟೋಕನ್ ಪೋರ್ಟ್‌ನಲ್ಲೇ ಉಳಿದಿಲ್ಲವಷ್ಟೆ?

● ಕಚೇರಿಯ ದೊಡ್ಡ ಜೆರಾಕ್ಸ್ ಯಂತ್ರಗಳಲ್ಲೂ ಹಾರ್ಡ್ ಡಿಸ್ಕ್ ಇರುತ್ತದೆ. ಬಾಡಿಗೆ ಯಂತ್ರಗಳನ್ನು ಅಳಿಸದೆ ಹಿಂದಿರುಗಿಸಿ ರೋಗಿಗಳ ಮಾಹಿತಿ ಬಯಲಾದ ಪ್ರಕರಣದಲ್ಲಿ, ಅಮೆರಿಕದ ಅಫಿನಿಟಿ ಹೆಲ್ತ್ ಪ್ಲಾನ್ 2013ರಲ್ಲಿ 12 ಲಕ್ಷಕ್ಕೂ ಹೆಚ್ಚು ಡಾಲರ್ ತೆರಬೇಕಾಯಿತು.

● ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಅರ್ಜಿ ಹಾಕಿದವರು ನಮ್ಮವರೇ, ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ ಎಂಬತ್ತು ದಾಟಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಜನರ ಮಾಹಿತಿಯನ್ನು ಕಾಪಾಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ.

● ಮಾರಲು ಬಾರದಷ್ಟು ಕೆಟ್ಟ ಲ್ಯಾಪ್‌ಟಾಪನ್ನು ಬೀದಿ ಗುಜರಿಗೆ ಹಾಕಬೇಡಿ. ಅಧಿಕೃತ ಇ-ತ್ಯಾಜ್ಯ ಸಂಸ್ಕರಣಾ ಘಟಕಕ್ಕೆ ಕೊಡಿ. ಪೀಣ್ಯ ದಾಟಿ ತುಮಕೂರು ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ದಾಬಸ್‌ಪೇಟೆಯಲ್ಲಿ 2005ರಲ್ಲಿ ಶುರುವಾದ ಇ-ಪರಿಸರ, ಸರ್ಕಾರದ ಮಾನ್ಯತೆ ಪಡೆದ ದೇಶದ ಮೊದಲ ಇಂಥ ಘಟಕ. ಎಲ್ಲಿಗೇ ಕೊಟ್ಟರೂ ದತ್ತಾಂಶ ನಾಶಪಡಿಸಿದ ಪ್ರಮಾಣಪತ್ರ ಕೇಳಿ ಪಡೆಯಿರಿ.

● ಅಳಿಸದೆ ಮಾರಿಬಿಟ್ಟಿರಾ? ಇಂದೇ ಎಲ್ಲ ಪಾಸ್‌ವರ್ಡ್ ಬದಲಿಸಿ, ಆ ಯಂತ್ರವನ್ನು ನಿಮ್ಮ ಖಾತೆಗಳಿಂದ ಸೈನ್ ಔಟ್ ಮಾಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

● ಕೊನೆಯದಾಗಿ, ಲ್ಯಾಪ್‌ಟಾಪ್‌ನಲ್ಲಿರುವುದು ನಿಮ್ಮದಷ್ಟೇ ಅಲ್ಲ. ಅಮ್ಮನ ಪಿಂಚಣಿ ಕಾಗದ, ಮಗಳ ಶಾಲೆಯ ಅರ್ಜಿ, ಬಾಡಿಗೆದಾರರ ಆಧಾರ್ ಪ್ರತಿ, ಸ್ನೇಹಿತರ ಖಾತೆ ಸಂಖ್ಯೆಗಳೂ ಅಲ್ಲಿರುತ್ತವೆ. ಅವರೆಲ್ಲ ನಿಮ್ಮನ್ನು ನಂಬಿ ಕೊಟ್ಟದ್ದನ್ನು ಅಳಿಸುವ ಅವಕಾಶ ಇರುವುದು ನಿಮಗೊಬ್ಬರಿಗೇ, ಅದೂ ಯಂತ್ರ ಕೈಬಿಡುವ ತನಕ ಮಾತ್ರ. ಒಂದು ಸಂಜೆ ಅದಕ್ಕಾಗಿ ಎತ್ತಿಡಿ.