ಹುರುಳಿಲ್ಲದ ದಾವೆಗಳು ಮತ್ತು ಅಂತರ್ಜಾಲ ಮಾಧ್ಯಮ: ವರ್ತಕರು ಅರಿತಿರಬೇಕಾದ ಅಂಶಗಳು

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ವ್ಯಾಪಾರವು ಬಹುಕಾಲದಿಂದ ಪರಸ್ಪರ ನಂಬಿಕೆಯ ಮೇಲೆ ನಡೆದುಬಂದಿದೆ. ತೊಗರಿಯ ಅಡತಿಯಲ್ಲಾಗಲಿ ಬೇಳೆ ಗಿರಣಿಯಲ್ಲಾಗಲಿ ತಕರಾರು ಎದ್ದರೆ ಹಿರಿಯರ ಸಮ್ಮುಖದಲ್ಲಿ ಬಗೆಹರಿಸಿಕೊಳ್ಳುವುದು ವಾಡಿಕೆ. 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಇಂದು ಇಲ್ಲಿನ ಬೇಳೆಯು ಅಂತರ್ಜಾಲ ಮಳಿಗೆಗಳ ಮೂಲಕ ದೂರದ ಊರುಗಳ ಗ್ರಾಹಕರನ್ನು ನೇರವಾಗಿ ತಲುಪಬಲ್ಲದು. ಮಾರುಕಟ್ಟೆ ವಿಸ್ತರಿಸಿದಂತೆ ತಕರಾರಿನ ವ್ಯಾಪ್ತಿಯೂ ವಿಸ್ತರಿಸುತ್ತದೆ ಎಂಬುದನ್ನು ವರ್ತಕರು ಮರೆಯಬಾರದು.

ಮೊಬೈಲಿನಲ್ಲಿ ಹರಿದಾಡುವ ಸುದ್ದಿಯ ವೇಗವು ಈ ಭಾಗದವರಿಗೆ ಅಪರಿಚಿತವಲ್ಲ. 2018ರ ಜುಲೈನಲ್ಲಿ ನೆರೆಯ ಬೀದರ ಜಿಲ್ಲೆಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಗೆ ಒಬ್ಬ ನಿರಪರಾಧಿ ಬಲಿಯಾದನು. ಜೀವವನ್ನೇ ತೆಗೆಯಬಲ್ಲ ವದಂತಿಗೆ, ‘ಈ ಬೇಳೆಗೆ ಬಣ್ಣ ಹಚ್ಚಿದ್ದಾರೆ’ ಎಂದು ಸಾರಿ ಒಂದು ಅಂಗಡಿಯ ಹೆಸರನ್ನು ಕೆಡಿಸುವುದು ಕಷ್ಟವೇನಲ್ಲ.

ನೋಟಿಸು ಬಂದಾಗ

ಮೊದಲನೆಯದಾಗಿ, ವಕೀಲರ ನೋಟಿಸು ನ್ಯಾಯಾಲಯದ ಆದೇಶವಲ್ಲ. ಅದಕ್ಕೆ ಹೆದರಿ ಹಣ ಕೊಡುವುದೂ, ಅದನ್ನು ಕಡೆಗಣಿಸುವುದೂ ಎರಡೂ ತಪ್ಪು. ದಾಖಲೆಸಹಿತವಾದ ಚಿಕ್ಕ ಉತ್ತರವೊಂದನ್ನು ವಕೀಲರ ಮೂಲಕ ಕೊಡುವುದೇ ಸರಿಯಾದ ಕ್ರಮ.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಗ್ರಾಹಕನು ತಾನು ವಾಸಿಸುವ ಊರಿನ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಆದ್ದರಿಂದ ಬೆಂಗಳೂರಿಗೆ ಪೊಟ್ಟಣ ಕಳುಹಿಸಿದ ಆಳಂದದ ಗಿರಣಿಯವರು ಬೆಂಗಳೂರಿನಲ್ಲಿ ಉತ್ತರ ಕೊಡಬೇಕಾಗಬಹುದು. ಉತ್ತರಕ್ಕೆ 30 ದಿನಗಳ ಅವಕಾಶವಿದ್ದು, ಆಯೋಗವು ಹೆಚ್ಚೆಂದರೆ ಇನ್ನೂ 15 ದಿನ ನೀಡಬಹುದು. ಆ ಮಿತಿಯನ್ನು ಮೀರಲಾಗದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2020ರ ಮಾರ್ಚಿನಲ್ಲಿ ತೀರ್ಪಿತ್ತಿದೆ. ದೂರು ಹುರುಳಿಲ್ಲದ್ದೆಂದು ಸುಮ್ಮನಿದ್ದವನು ಉತ್ತರಿಸುವ ಹಕ್ಕನ್ನೇ ಕಳೆದುಕೊಳ್ಳುತ್ತಾನೆ. ಮರುಮಾರಾಟಕ್ಕಾಗಿ ಸರಕು ಕೊಂಡವನು ಈ ಕಾಯ್ದೆಯ ದೃಷ್ಟಿಯಲ್ಲಿ ಗ್ರಾಹಕನಲ್ಲವೆಂಬುದೂ ಗಮನಾರ್ಹ.

ಸಿವಿಲ್ ದಾವೆಗೆ ಕಾರಣವೇ ಇಲ್ಲದಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶ, 11ನೇ ನಿಯಮದಡಿ ವಾದಪತ್ರವನ್ನು ಆರಂಭದಲ್ಲಿಯೇ ತಿರಸ್ಕರಿಸುವಂತೆ ಕೋರಬಹುದು. ಸುಳ್ಳೆಂದು ತಿಳಿದೂ ಹೂಡಿದ ದಾವೆಗೆ 35-ಎ ಕಲಮಿನಡಿ ಪರಿಹಾರ ವೆಚ್ಚ ವಿಧಿಸಲು ಅವಕಾಶವಿದೆ. ಸಾಮಾನ್ಯ ದಾವೆಗಳಲ್ಲಿ ಇದರ ಮಿತಿ ಕೇವಲ 3,000 ರೂಪಾಯಿ. ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ, 2015 ಅನ್ವಯಿಸುವ ದಾವೆಗಳಿಗೆ ಈ ಮಿತಿಯಿಲ್ಲ. 3 ಲಕ್ಷ ರೂಪಾಯಿ ಮತ್ತು ಅದಕ್ಕೂ ಮೇಲ್ಪಟ್ಟ ವಾಣಿಜ್ಯ ವಿವಾದಗಳಲ್ಲಿ ತುರ್ತು ಪರಿಹಾರ ಕೋರದಿದ್ದರೆ ದಾವೆಗೆ ಮುನ್ನ ಮಧ್ಯಸ್ಥಿಕೆ ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಸ್ಪಷ್ಟಪಡಿಸಿದೆ.

ದಾವೆ ಹೂಡುವ ಮುನ್ನ

ಅಂತರ್ಜಾಲದಲ್ಲಿ ನಿಂದೆ ಕಂಡೊಡನೆ ನ್ಯಾಯಾಲಯಕ್ಕೆ ಧಾವಿಸುವ ವರ್ತಕನ ದಾವೆಯೂ ಹುರುಳಿಲ್ಲದ್ದಾಗಬಹುದು. ಬ್ರಿಟನ್ನಿನಲ್ಲಿ ಮೆಕ್‌ಡೊನಾಲ್ಡ್ಸ್ ಸಂಸ್ಥೆಯು ಒಂದು ಕರಪತ್ರದ ವಿರುದ್ಧ 1990ರಲ್ಲಿ ದಾವೆ ಹೂಡಿ 1997ರಲ್ಲಿ ಬಹುಮಟ್ಟಿಗೆ ಗೆದ್ದಿತು. ಅಷ್ಟರಲ್ಲಿ, 1996ರಲ್ಲಿ ವಿರೋಧಿಗಳು ತೆರೆದ ಅಂತರ್ಜಾಲ ತಾಣದಿಂದ ಆ ಕರಪತ್ರದ ಆರೋಪಗಳು ಜಗತ್ತಿಗೇ ತಿಳಿದವು. ಪ್ರೋಟೀನ್ ಪುಡಿಯನ್ನು ಟೀಕಿಸಿದ ಯೂಟ್ಯೂಬ್ ವಿಮರ್ಶಕರ ವಿರುದ್ಧ ತಯಾರಕ ಸಂಸ್ಥೆಯೊಂದು ಕೇಳಿದ ಮಧ್ಯಂತರ ತಡೆಯಾಜ್ಞೆಯನ್ನು ದೆಹಲಿ ಉಚ್ಚ ನ್ಯಾಯಾಲಯವು 2025ರ ಏಪ್ರಿಲ್‌ನಲ್ಲಿ ನಿರಾಕರಿಸಿತು. ಸರಕಿನ ಬಗೆಗಿನ ಪ್ರಾಮಾಣಿಕ ಅಭಿಪ್ರಾಯವು ಮಾನಹಾನಿಯಲ್ಲ.

ಮಾಹಿತಿ ತಂತ್ರಜ್ಞಾನ ಕಾಯ್ದೆಯ 66-ಎ ಕಲಮು 2015ರ ಮಾರ್ಚ್ 24ರಂದೇ ರದ್ದಾಗಿರುವುದರಿಂದ ಅದರಡಿ ಪೊಲೀಸರಿಗೆ ದೂರು ಕೊಡುವುದು ವ್ಯರ್ಥ. 2024ರ ಜುಲೈ 1ರಿಂದ ಮಾನಹಾನಿಗೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು ಅನ್ವಯಿಸುತ್ತದೆ. ಪರಿಹಾರಕ್ಕಾಗಿ ಸಿವಿಲ್ ದಾವೆ ಹೂಡುವುದಾದರೆ ಪ್ರಕಟಣೆಯ ದಿನದಿಂದ ಒಂದು ವರ್ಷದೊಳಗೆ ಹೂಡಬೇಕು.

ದಾಖಲೆಯೇ ರಕ್ಷೆ

ಎರಡೂ ಸಂದರ್ಭಗಳಲ್ಲಿ ವರ್ತಕನನ್ನು ಕಾಯುವುದು ದಾಖಲೆ. ಪ್ರತಿ ತಂಡದ ಸರಕಿಗೂ ಸಂಖ್ಯೆ ನಮೂದಿಸಿ ಮಾದರಿಯನ್ನು ತೆಗೆದಿರಿಸಬೇಕು. ಮಾನ್ಯತೆ ಪಡೆದ ಪ್ರಯೋಗಾಲಯದ ವರದಿ, ಬಿಲ್ಲು, ಸಾಗಣೆ ರಸೀದಿಗಳನ್ನು ಜೋಪಾನವಾಗಿಡಬೇಕು. ಆಕ್ಷೇಪಾರ್ಹ ಬರಹ ಅಥವಾ ದೃಶ್ಯವು ಅಳಿಸಿಹೋಗುವ ಮುನ್ನ ಅದರ ವಿಳಾಸ, ದಿನಾಂಕ, ವೇಳೆಗಳೊಡನೆ ಪ್ರತಿ ತೆಗೆದುಕೊಳ್ಳಬೇಕು. ಇಂತಹ ಸಾಕ್ಷ್ಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಅಗತ್ಯ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಂತೆ ಪ್ರತಿಯೊಂದು ಸಾಮಾಜಿಕ ಜಾಲತಾಣವೂ ಕುಂದುಕೊರತೆ ಅಧಿಕಾರಿಯನ್ನು ಹೊಂದಿರಬೇಕಾಗಿದ್ದು, ಮೊದಲ ದೂರನ್ನು ಅಲ್ಲಿಗೆ ಸಲ್ಲಿಸಬಹುದು.

ಆರೋಪಕ್ಕೆ ಪ್ರತಿಯಾಗಿ ಬೈಗುಳವನ್ನಲ್ಲದೆ ಪ್ರಯೋಗಾಲಯದ ವರದಿಯನ್ನು ಅದೇ ದಿನ, ಅದೇ ಗುಂಪಿಗೆ ಕಳುಹಿಸುವುದು ಉತ್ತಮ. ದೂರಿನಲ್ಲಿ ಸತ್ಯವಿದ್ದರೆ ಸರಕನ್ನು ಹಿಂಪಡೆದು ಹಣ ಮರಳಿಸುವುದೇ ಲಾಭಕರ. ನ್ಯಾಯಾಲಯದ ತೀರ್ಪಿಗೆ ವರ್ಷಗಳು ಬೇಕು. ಗ್ರಾಹಕನ ತೀರ್ಪು ಸಂಜೆಯೊಳಗೆ ಹೊರಬೀಳುತ್ತದೆ.